ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ ತಗೊಂಡೀನಿ, ಹಿಂದಿನವ್ರು ಇಂಜಿನ್ನಿಗೆ ಏನ್ ಮಾಡ್ಸ್ಯಾರೋ ಗೊತ್ತಿಲ್ಲ

ಪ್ರಶ್ನೆ: ಸರ್, ನಾನು ಬೆಳಗಾವಿ ಹಿಂದವಾಡಿಯಾಂವ. ಮೂರು ತಿಂಗಳ ಹಿಂದ ಪುಣೆ ಪಾಸಿಂಗ್ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಗೊಂಡೆ. 61 ಸಾವಿರ ಕಿಲೋಮೀಟರ್ ಓಡೈತಿ, ನಾನು ಮೂರನೇ ಓನರ್. ಮಾರಿದಾಂವ "ಸ್ಟೇಜ್ ಒನ್ ಆಗೈತಿ ಅಂತ ನನಗೂ ಮೊದಲಿನವ್ರ ಹೇಳಿದ್ರು" ಅಂದ, ಅಂದ್ರ ಪವರ್ ಹೆಚ್ಚಸಾಕ ಇಂಜಿನ್ನಿನ ಸಾಫ್ಟ್‌ವೇರ್ ಬದಲ ಮಾಡ್ಯಾರಂತ. ಯಾರು ಮಾಡಿದ್ದು, ಯಾವ ಸಾಫ್ಟ್‌ವೇರ್ ಫೈಲು, ಒಂದೂ ಕಾಗದ ಇಲ್ಲ. ವಂಟಮೂರಿ ಘಾಟ್ ಹತ್ತುವಾಗ ಪೂರ್ತಿ ಒತ್ತಿದ್ರ 3000 ಆರ್‌ಪಿಎಂ ಹತ್ರ ಎರಡು ಮೂರು ಸಲ ಜರ್ಕ್ ಹೊಡದು ಪವರ್ ಹೋಗ್ತೈತಿ, ಮೀಟರಿನಾಗ ಇಪಿಸಿ ಅನ್ನೋ ಎಚ್ಚರಿಕಿ ಲೈಟ್ ಹತ್ತತೈತಿ, ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಸರಿ. ಸೈಲೆನ್ಸರಿಂದ ಪಟಪಟ ಸೌಂಡ್, ಹಿಂದ ನಿಂತ್ರ ಪೆಟ್ರೋಲ್ ವಾಸನಿ. ಇಲ್ಲಿ ಗ್ಯಾರೇಜಿನವ್ರು ಪ್ಲಗ್, ಕಾಯಿಲ್ ಬದಲ ಮಾಡ್ರಿ ಅಂದ್ರು. ಒಬ್ಬ ಗೆಳೆಯ ಶೋರೂಮಿಗೆ ಹೋಗಿ ಸ್ಟಾಕ್ ಫ್ಲ್ಯಾಶ್ ಹೊಡಸ್ಬಿಡು, ಅಂದ್ರ ಕಂಪನಿ ಸಾಫ್ಟ್‌ವೇರ್ ವಾಪಸ್ ಹಾಕಿಸು ಅಂತಾನ, ಇನ್ನೊಬ್ಬ ಸ್ಟೇಜ್ ಟೂ ಮಾಡಿಸು ಎಲ್ಲಾ ಸರಿ ಆಗ್ತೈತಿ ಅಂತಾನ. ಏನ್ ಮಾಡ್ಲಿ?

ಉತ್ತರ: ಗ್ಯಾರೇಜಿನವ್ರು ಹೇಳಿದ್ದು ಅರ್ಧ ಖರೇ ಇರಬಹುದು. ಗೆಳೆಯರಿಬ್ಬರ ಮಾತು ಮಾತ್ರ ಸದ್ಯಕ್ಕ ಕೇಳಬ್ಯಾಡ್ರಿ, ಇಬ್ರೂ ಗಾಡಿ ಬಾನೆಟ್ ಎತ್ತಿ ನೋಡಲಾರ್ದ ಔಷಧ ಹೇಳ್ಯಾರ.

ಮೊದಲ ಒಂದು ಕೆಲಸ, ಇವತ್ತಿಂದ ಪೂರ್ತಿ ಒತ್ತೂದು ಬಂದ್. ಗಾಡಿ ಓಡಸ್ರಿ, ಆಫೀಸಿಗೆ ಹೋಗ್ರಿ ಬರ್ರಿ, ಆದ್ರ ಆಕ್ಸಿಲರೇಟರ್ ಅರ್ಧಕ್ಕಿಂತ ಮ್ಯಾಲೆ ಬ್ಯಾಡ. ಮಂದಿ ಹೈ ಆರ್‌ಪಿಎಂ ಹೊಡದ್ರ ಇಂಜಿನ್ ಹೋಗ್ತೈತಿ ಅಂತ ತಿಳ್ಕೊಂಡಿರ್ತಾರ, ಇಂಥಾ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದು ಅಂದ್ರ ದೊಡ್ಡ ಗೇರಿನಾಗ 1500–2000 ಆರ್‌ಪಿಎಂಗೆ ಒಮ್ಮೆಲೇ ಒತ್ತೂದು. ಆವಾಗ ಸ್ಪಾರ್ಕ್ ಬರೋಕಿಂತ ಮೊದಲ ಗಾಳಿ ಪೆಟ್ರೋಲ್ ಮಿಕ್ಸ್ಚರ್ ತಾನ ಹೊತ್ತಿಕೊಳ್ಳೋ ಚಾನ್ಸ್ ಇರ್ತೈತಿ, ಅಂಥಾ ಒಂದು ಏಟು ಸಾಕು ಪಿಸ್ಟನ್ನಿನ ರಿಂಗ್ ಕೂಡೋ ಅಂಚು ಮುರಿಯಾಕ. ನಿಮ್ಮ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಡಿ ಮೋಡಿನಾಗ ಇದ್ರ ಊರಾಗ ಲಗೂನ ಮ್ಯಾಲಿನ ಗೇರಿಗೆ ಹೋಗಿ ಕೂಡ್ತೈತಿ, ಅದಕ್ಕ ಘಾಟಿನಾಗ ಮ್ಯಾನುವಲ್‌ಗೆ ಹಾಕಿ ಮೂರನೇ ಗೇರ್ ಹಿಡೀರಿ, ಮೆತ್ತಗ ಹತ್ರಿ. ಪೆಟ್ರೋಲ್ ಬಂಕಿನಾಗ ಸಿಗೋ ಹೆಚ್ಚಿನ ಆಕ್ಟೇನ್ ಪೆಟ್ರೋಲ್ (ತಾನ ಲಗೂನ ಹೊತ್ತಿಕೊಳ್ಳಲಾರದ್ದು) ಹಾಕಸ್ರಿ, ರೊಕ್ಕ ಹೋದ್ರ ಹೋಗ್ಲಿ, ಇದು ಒಂದೆರಡು ತಿಂಗಳ ಮಾತು.

ಈಗ ಅಸಲಿ ವಿಷಯ. ಗೊತ್ತಿಲ್ಲದ ರಿಮ್ಯಾಪ್ (ಬದಲ ಮಾಡಿದ ಇಂಜಿನ್ ಸಾಫ್ಟ್‌ವೇರ್) ಇರೋ ಗಾಡಿ ಅಂದ್ರ ಉತಾರ ನೋಡಲಾರ್ದ ತಗೊಂಡ ಹೊಲ ಇದ್ದಂಗ. ಬೆಳಿ ಚಲೋ ಬರಬಹುದು, ಆದ್ರ ಬಾಂದ ಎಲ್ಲೈತಿ, ಯಾರ ಸಾಲ ಐತಿ ಗೊತ್ತಾಗೋ ತನಕ ಅದರಾಗ ಬೋರ್ ಹೊಡಸೂದು ಶಾಣ್ಯಾತನ ಅಲ್ಲ. ಸ್ಟೇಜ್ ಒನ್ ಅನ್ನೋ ಶಬ್ದಕ್ಕ ಯಾವ ಐಎಸ್‌ಐ ಮಾರ್ಕೂ ಇಲ್ರಿ. ಸಾಮಾನ್ಯವಾಗಿ ಸಾಫ್ಟ್‌ವೇರ್ ಅಷ್ಟ ಬದಲಾದ್ರ ಒನ್ ಅಂತಾರ, ಡೌನ್‌ಪೈಪ್ (ಟರ್ಬೊದಿಂದ ಹೊಗಿ ಇಳಿಯೋ ಪೈಪ್), ಇಂಟೇಕ್ (ಗಾಳಿ ಒಳಗ ಎಳಕೊಳ್ಳೋ ದಾರಿ), ಇಂಟರ್‌ಕೂಲರ್ (ಆ ಗಾಳಿ ತಣ್ಣಗ ಮಾಡೋದು) ಬದಲಾದ್ರ ಟೂ ಅಂತಾರ, ಟರ್ಬೊನ ಬದಲಾದ್ರ ತ್ರೀ. ಆದ್ರ ಒಬ್ಬೊಬ್ಬ ಟ್ಯೂನರಿಂದು ಒಂದೊಂದು ಲೆಕ್ಕ, ಮ್ಯಾಲೆ ಮಾರೋರು ಅದಕ್ಕ ತಮ್ಮ ಲೆಕ್ಕ ಸೇರಸ್ತಾರ. ನಿಮ್ಮ ಗಾಡಿ ಕಂಪನಿಯಿಂದ ಬಂದಾಗ 2 ಲೀಟರ್ ಟಿಎಸ್‌ಐ, ಪವರ್ 230 ಪಿಎಸ್, ಟಾರ್ಕ್ 350 ನ್ಯೂಟನ್ ಮೀಟರ್, 6 ಸ್ಪೀಡ್ ಡಿಎಸ್‌ಜಿ. ಈ ಇಂಜಿನ್ನಿನ ಸ್ಟೇಜ್ ಒನ್ ಫೈಲ್‌ಗಳು ಸಾಮಾನ್ಯವಾಗಿ 280–300 ಪಿಎಸ್ ಹತ್ರ ಹೋಗ್ತಾವ, ಟಾರ್ಕ್ 400 ದಾಟತೈತಿ. ಚಲೋ ಫೈಲ್ ಇದ್ದು ಮೇಂಟೆನೆನ್ಸ್ ಸರಿ ಇದ್ರ ಈ ಇಂಜಿನ್ ಅದನ್ನ ತಡಕೋತೈತಿ, ಆ ಬಗ್ಗೆ ಹೆದರಬ್ಯಾಡ್ರಿ.

ಶೋರೂಮಿನ ಸ್ಟಾಕ್ ಫ್ಲ್ಯಾಶ್ ಯಾಕ ಈಗ ಬ್ಯಾಡ ಅಂದ್ರ, ಸಾಫ್ಟ್‌ವೇರ್ ಹಿಂದ ಹೋಗ್ತೈತಿ, ಹಾಕಿದ ಸಾಮಾನು ಹಿಂದ ಹೋಗಂಗಿಲ್ಲ. ಕ್ಯಾಟ್ (ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಡೌನ್‌ಪೈಪ್ ಇದ್ದು ಸ್ಟಾಕ್ ಫೈಲ್ ಹಾಕಿದ್ರ ಹಿಂದಿನ ಆಕ್ಸಿಜನ್ ಸೆನ್ಸರ್ ಪಿ0420 ಕೋಡ್ ಹೊಡದು ಇಂಜಿನ್ ಲೈಟ್ ಹತ್ತತೈತಿ, ಅದೇನ್ ಇಂಜಿನ್ ಕೆಡಸಂಗಿಲ್ಲ ಬಿಡ್ರಿ. ಯಾರರ ಗಾಲ್ಫ್ ಆರ್ ಗಾಡಿಯ ದೊಡ್ಡ ಟರ್ಬೊ ಕೂಡ್ಸಿದ್ರ ಮಾತು ಬ್ಯಾರೆ, ಸ್ಟಾಕ್ ಫೈಲಿಗೆ ಆ ಟರ್ಬೊದ ಲೆಕ್ಕನ ಗೊತ್ತಿರಂಗಿಲ್ಲ. ಮ್ಯಾಲೆ ಒಮ್ಮೆ ಅಳಿಸಿದ ಮ್ಯಾಲೆ ಮೊದಲ ಏನಿತ್ತು ಅಂತ ನೋಡಾಕ ಸಾಕ್ಷಿನೂ ಉಳಿಯಂಗಿಲ್ಲ. ಅದಕ್ಕ ಮೊದಲ ಕಬ್ಬಿಣ ನೋಡೂದು, ಆಮ್ಯಾಗ ಸಾಫ್ಟ್‌ವೇರ್.

ಕಬ್ಬಿಣ ನೋಡಾಕ ದೊಡ್ಡ ಊರಿಗೆ ಹೋಗೂದು ಬೇಕಿಲ್ಲ, ಲಿಫ್ಟ್ ಇರೋ ಯಾವ ಗ್ಯಾರೇಜಾದ್ರೂ ನಡಿತೈತಿ, ಆದ್ರ ನೀವು ಬಾಜೂಕ ನಿಂದರ್ರಿ, ಮೊಬೈಲಿನಾಗ ಫೋಟೋ ಹೊಡ್ಕೋರಿ. ಟರ್ಬೊದಿಂದ ಕೆಳಗ ಇಳಿಯೋ ಪೈಪ್ ಕಂಪನಿದು ಇದ್ರ ಅದಕ್ಕ ಕ್ಯಾಟಲಿಟಿಕ್ ಕನ್ವರ್ಟರಿನ ದಪ್ಪ ಡೊಳ್ಳು ಇರ್ತೈತಿ, ಹೀಟ್ ಶೀಲ್ಡ್ ಇರ್ತೈತಿ, ಪಾರ್ಟ್ ನಂಬರ್ ಒತ್ತಿರ್ತಾರ. ಅದರ ಜಾಗಾದಾಗ ಹೊಳಿಯೋ ಸ್ಟೇನ್‌ಲೆಸ್ ಪೈಪ್, ಕೈಲೆ ಮಾಡಿದ ವೆಲ್ಡಿಂಗ್ ಕಂಡ್ರ ಸ್ಟೇಜ್ ಒನ್ ಅನ್ನೋ ಮಾತು ಅಲ್ಲೇ ಮುಗೀತು. ಹಿಂದಿನ ಆಕ್ಸಿಜನ್ ಸೆನ್ಸರ್ ನೇರ ಪೈಪಿಗೆ ಕುಂತೈತೋ, ನಡುವ ಒಂದು ಬೆರಳುದ್ದ ಸ್ಪೇಸರ್ ಕೂಡ್ಸ್ಯಾರೋ ನೋಡ್ರಿ. ಆ ಸ್ಪೇಸರ್ ಸೆನ್ಸರಿಗೆ ಸುಳ್ಳು ಹೇಳಾಕ ಹಾಕೋದು. ನೀವು ಹೇಳಿದ ಪೆಟ್ರೋಲ್ ವಾಸನಿ ಕೇಳಿದ ಮ್ಯಾಲೆ ನನಗ ಕ್ಯಾಟ್ ಇಲ್ಲ ಅಂತ ಬಲವಾದ ಸಂಶೆ, ಆ ಪಟಪಟ ಸೌಂಡ್ ಅಂತೂ ಫೈಲಿನಾಗ ಬೇಕಂತ ಹಾಕಿದ್ದು, ಕಾಲು ತೆಗದಾಗ ಸ್ಪಾರ್ಕ್ ತಡ ಮಾಡಿ ಪೆಟ್ರೋಲ್ ಎಗ್ಝಾಸ್ಟಿನಾಗ ಸುಡಸ್ತಾರ. ಕಾಲೇಜ್ ಹುಡುಗ್ರಿಗೆ ಖುಷಿ, ಟರ್ಬೊಕ್ಕ ಮತ್ತ ಕ್ಯಾಟಿಗೆ ಬಿಸಿ.

ಟರ್ಬೊ ಬಾಜೂಕ ಡೈವರ್ಟರ್ ವಾಲ್ವ್ (ಕಾಲು ತೆಗದಾಗ ಟರ್ಬೊದ ಹೆಚ್ಚಿನ ಗಾಳಿ ತಿರುಗಿಸೋದು) ಕೆಳಗ ಅಲ್ಯೂಮಿನಿಯಂ ಬಿಲ್ಲಿ ಹಾಕಿ ಸುಸ್ ಸೌಂಡ್ ಬರೋ ಹಂಗ ಮಾಡಿರ್ತಾರ, ಅದನ್ನೂ ನೋಡ್ರಿ. ಇಗ್ನಿಷನ್ ಕಾಯಿಲ್ ಕೆಂಪು ಬಣ್ಣದವು ಇದ್ರ ಅವು ಆಡಿ ಆರ್8 ಕಾಯಿಲ್, ಟ್ಯೂನ್ ಮಾಡೋ ಮಂದಿ ಭಾಳ ಹಾಕ್ತಾರ, ಕೆಟ್ಟದ್ದಲ್ಲ, ಆದ್ರ ಯಾರೋ ಸ್ಪಾರ್ಕ್ ತ್ರಾಸು ಮೊದಲ ಅನುಭವಿಸ್ಯಾರ ಅನ್ನೋ ಸುಳಿವು ಕೊಡ್ತಾವ. ಟರ್ಬೊದ ಟ್ಯಾಗಿನ ಮ್ಯಾಲಿನ ನಂಬರ್ ಫೋಟೋ ಹೊಡದು ನಿಮ್ಮ ಚಾಸಿ ನಂಬರಿಗೆ ಬರೋ ಪಾರ್ಟ್ ನಂಬರ್ ಜೊತಿ ತಾಳೆ ಹಾಕಸ್ರಿ.

ಇನ್ನೊಂದು ಐತಿ, ಅದನ್ನ ಮಾತ್ರ ದಯವಿಟ್ಟು ಬಿಡಬ್ಯಾಡ್ರಿ. ಇಂಟೇಕಿನ ಮ್ಯಾಲೆ, ಇಂಟರ್‌ಕೂಲರ್ ಪೈಪಿನ ಮ್ಯಾಲೆ ಪ್ರೆಶರ್ ಸೆನ್ಸರ್‌ಗಳು ಇರ್ತಾವ, ಅವಕ್ಕ ಹೋಗೋ ವೈರ್ ಕೈಯಾಗ ಹಿಡದು ಕೊನಿತನಕ ನೋಡ್ರಿ, ನಡುವ ಒಂದು ಸಣ್ಣ ಕರೀ ಡಬ್ಬಿ ಐತೇನು ಅಂತ. ಅದು ಟ್ಯೂನಿಂಗ್ ಬಾಕ್ಸ್. ಇಂಜಿನ್ ಕಂಪ್ಯೂಟರಿಗೆ "ಬೂಸ್ಟ್ ಕಡಿಮಿ ಐತಿ" ಅಂತ (ಬೂಸ್ಟ್ ಅಂದ್ರ ಟರ್ಬೊ ಒತ್ತಿ ತುಂಬೋ ಗಾಳಿಯ ಪ್ರೆಶರ್) ಸುಳ್ಳು ಹೇಳಿ ಟರ್ಬೊ ಕಡಿಂದ ಜಾಸ್ತಿ ಗಾಳಿ ಹೊಡಸ್ತೈತಿ. ಇದು ಇದ್ರ ಸ್ಕ್ಯಾನರಿನಾಗ ಎಲ್ಲಾ ಸ್ಟಾಕ್ ಕಂಡಂಗ ಕಾಣ್ತೈತಿ, ಯಾಕಂದ್ರ ಕಂಪ್ಯೂಟರಿಗೆ ಗೊತ್ತಿದ್ದಷ್ಟ ಅದು ನಿಮಗ ತೋರಸೂದು.

ನನಗ ಈ ಪಾಠ ಪುಕ್ಕಟ ಸಿಕ್ಕಿಲ್ರಿ. ಸುಮಾರು ವರ್ಷದ ಹಿಂದ ನಾನೂ ಒಂದು ಮುಂಬೈ ಪಾಸಿಂಗ್ ಸ್ಕೋಡಾ ಲಾರಾ 1.8 ಟಿಎಸ್‌ಐ ತಂದಿದ್ದೆ. ಓಡಿಸಿ ನೋಡಿದ್ರ ಮಸ್ತ್ ಎಳೀತಿತ್ತು, ಸ್ಕ್ಯಾನರ್ ಹಾಕಿದ್ರ ಒಂದೂ ಫಾಲ್ಟ್ ಇಲ್ಲ, ಬೂಸ್ಟ್ ಕಂಪನಿ ಲೆಕ್ಕದಾಗ ಐತಿ, ಸ್ಟಾಕ್ ಗಾಡಿನ ಇಷ್ಟು ಛಲೋ ಐತಿ ಅಂದ್ರ ರಿಮ್ಯಾಪ್ ಮಾಡಿದ್ರ ಹ್ಯಾಂಗ ಇರಬಹುದು ಅಂತ ಹೇಳಿ ಒಂದು ಕಡೆ ಹೋಗಿ ಫೈಲ್ ಹಾಕಿಸ್ಕೊಂಡು ಬಂದೆ, ಹಾಕಿದವ್ರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಬ್ಯಾಟರಿ ಬಾಜೂಕ ಟೇಪ್ ಸುತ್ತಿದ ಡಬ್ಬಿ ಮೊದಲ ಇತ್ತು. ಅದರ ಮ್ಯಾಲೆ ಇದು. ಎಂಟು ದಿನಕ್ಕ ಕಿತ್ತೂರು ಹತ್ರ ಹಿಂದ ನೀಲಿ ಹೊಗಿ, ಡಿಪ್‌ಸ್ಟಿಕ್ ಹಾರಿ ಎಣ್ಣಿ ಇಂಜಿನ್ ತುಂಬ. ಮೂರನೇ ಪಿಸ್ಟನ್ನಿನ ರಿಂಗ್ ಅಂಚು ತುಂಡಾಗಿತ್ತು. ಉದ್ಯಮಬಾಗಿನಾಗ ಬ್ಲಾಕ್ ಕೆಲಸ ಮಾಡ್ಸಿ ಗಾಡಿ ಎದ್ದು ನಿಲ್ಲಾಕ ನಾಕು ತಿಂಗಳ ಹಿಡೀತು, ಆ ಡಬ್ಬಿ ಇನ್ನೂ ನನ್ನ ಟೇಬಲ್ ಮ್ಯಾಲೆ ಬಿಲ್ ಹಾರಲಾರ್ದಂಗ ಇಡಾಕ ಕುಂತೈತಿ.

ಈಗ ನಿಮ್ಮ ಜರ್ಕಿಗೆ ಬರೂಣು. 3000 ಹತ್ರ, ಪೂರ್ತಿ ಲೋಡಿನಾಗ, ಬೂಸ್ಟ್ ತುದಿ ಮುಟ್ಟೋ ಹೊತ್ತಿಗೆ ಎರಡು ಮೂರು ಸಲ ಬಡದು ಇಪಿಸಿ ಹತ್ತೂದು ಅಂದ್ರ ನನಗ ಮೊದಲ ನೆನಪಾಗೋದು ಸ್ಪಾರ್ಕ್ ಆರೋದು. ಸಿಲಿಂಡರಿನಾಗ ಗಾಳಿ ಎಷ್ಟು ಒತ್ತಿ ತುಂಬ್ತೀರೋ ಪ್ಲಗ್ಗಿನ ಸಂದಿ ದಾಟಾಕ ಅಷ್ಟು ಜಾಸ್ತಿ ವೋಲ್ಟೇಜ್ ಬೇಕು, ಹಳೇ ಪ್ಲಗ್ಗಿನ ಸಂದಿ ಸವದು ಅಗಲ ಆಗಿರ್ತೈತಿ, ಕಾಯಿಲ್ ಕೈಲೆ ಆಗಂಗಿಲ್ಲ, ದೀಪ ಗಾಳಿಗೆ ಆರಿದಂಗ ಆರ್ತೈತಿ. ಅದಕ್ಕ ಟ್ಯೂನ್ ಮಾಡಿದ ಗಾಡಿಗೆ ಒಂದು ಹಂತ ತಣ್ಣಗಿನ ಪ್ಲಗ್ (ತನ್ನ ಬಿಸಿ ಲಗೂನ ಬಿಡೋದು) ಹಾಕಿ ಸಂದಿ 0.6–0.7 ಮಿಲಿಮೀಟರಿಗೆ ಇಡ್ತಾರ. ಹಂಗಾಗಿ ನಿಮ್ಮ ಗ್ಯಾರೇಜಿನವ್ರು ಪ್ಲಗ್ ಅಂದದ್ದು ತಪ್ಪಲ್ಲ. ಅವ್ರು ತಪ್ಪಿದ್ದು ಎಲ್ಲಿ ಅಂದ್ರ ಹಳೇ ಪ್ಲಗ್ ತೆಗದು ನೋಡಲಾರ್ದ ಹೊಸಾದು ಹಾಕ್ರಿ ಅಂದದ್ದು. ತೆಗದ ಪ್ಲಗ್ ಕಸದಾಗ ಒಗಿಯಾಕ ಬಿಡಬ್ಯಾಡ್ರಿ, 1, 2, 3, 4 ಅಂತ ಬರದು ಸಾಲಾಗಿ ಇಡಸ್ರಿ. ಬೂದು ಮಿಶ್ರಿತ ತಿಳಿ ಕಂದು ಬಣ್ಣ ಇದ್ರ ಛಲೋ. ಕಾಡಿಗಿ ಹಚ್ಚಿದಂಗ ಒಣಾ ಕಪ್ಪು ಇದ್ರ ಪೆಟ್ರೋಲ್ ಜಾಸ್ತಿ ಹೋಗಾಕತ್ತೈತಿ. ಬಿಳೀ ಪಿಂಗಾಣಿ ಮ್ಯಾಲೆ ಕರಿಮೆಣಸಿನ ಪುಡಿ ಚಲ್ಲಿದಂಗ ಸಣ್ಣ ಸಣ್ಣ ಹೊಳಿಯೋ ಚುಕ್ಕಿ ಕಂಡ್ರ ಮಾತ್ರ ಗಾಡಿ ಅಲ್ಲೇ ನಿಲ್ಲಸ್ರಿ, ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ನಾಕ್ (ಮಿಕ್ಸ್ಚರ್ ಹೊತ್ತಲ್ಲದ ಹೊತ್ತಿನ್ಯಾಗ ತಾನ ಸಿಡಿಯೋದು) ಬಡದು ಬಡದು ಎದ್ದು ಬಂದದ್ದು.

ಪ್ಲಗ್ ಹೊರಗಿದ್ದಾಗನ ಕಂಪ್ರೆಷನ್ ಟೆಸ್ಟ್ (ಒಂದೊಂದು ಸಿಲಿಂಡರ್ ಗಾಳಿ ಎಷ್ಟು ಒತ್ತತೈತಿ ಅಂತ ಅಳಿಯೂದು) ಮಾಡಸ್ರಿ. ನಂಬರ್ ಎಷ್ಟು ಬಂತು ಅನ್ನೋದಕ್ಕಿಂತ ನಾಕೂ ಸಿಲಿಂಡರ್ ಒಂದಕ್ಕೊಂದು ಹೊಂದ್ಯಾವೋ ಇಲ್ಲೋ ಮುಖ್ಯ, 3 ಬಾರ್‌ಗಿಂತ ಜಾಸ್ತಿ ಫರಕ್ ಇದ್ರ ಲೀಕ್ ಡೌನ್ ಟೆಸ್ಟ್ ಬೇಕು, ಗಾಳಿ ಎಲ್ಲಿಂದ ಸೋರ್ತೈತಿ ಅಂತ ಕಿವಿಗೊಟ್ಟು ಕೇಳೂದು, ಎಣ್ಣಿ ಮುಚ್ಚಳದಾಗ ಬುಸ್ ಅಂದ್ರ ರಿಂಗು, ಸೈಲೆನ್ಸರಿನಾಗ ಅಂದ್ರ ಎಗ್ಝಾಸ್ಟ್ ವಾಲ್ವು. ಬೋರೋಸ್ಕೋಪ್ ಕ್ಯಾಮೆರಾ ಇದ್ದವ್ರು ಪ್ಲಗ್ ತೂತಿನಾಗ ಇಳಿಸಿ ಪಿಸ್ಟನ್ ತಲಿನೂ ತೋರಸ್ತಾರ. ಎಣ್ಣಿ ಬದಲ ಮಾಡ್ಸಿ, ಹಳೇ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡೀರಿ, ಚುರುಚುರು ಲೋಹ ಹೊಳೀತೈತೇನು ನೋಡ್ರಿ. ಥರ್ಮೋಸ್ಟ್ಯಾಟ್ ಹೌಸಿಂಗ್ ಮತ್ತ ವಾಟರ್ ಪಂಪ್ ಈ ಇಂಜಿನ್ನಿಗೆ ಪ್ಲಾಸ್ಟಿಕ್ಕಿಂದು, ಅಲ್ಲಿ ಕೂಲಂಟ್ ಸೋರೋದು ಜಗಜ್ಜಾಹೀರು ಕಾಯಿಲೆ, ಅದಕ್ಕೂ ರಿಮ್ಯಾಪಿಗೂ ಸಂಬಂಧ ಇಲ್ಲ, ಆದ್ರ ಬಿಸಿ ಆದ್ರ ನಾಕ್ ಆಗ್ತೈತಿ. ಡಿಎಸ್‌ಜಿ ಎಣ್ಣಿ 60 ಸಾವಿರಕ್ಕ ಬದಲಾಗಬೇಕು, ನಿಮ್ಮದು 61 ಓಡೈತಿ, ಬಿಲ್ ಇಲ್ಲ ಅಂದ್ರ ಆಗಿಲ್ಲ ಅಂತನ ಹಿಡೀರಿ. ಜರ್ಕ್ ಆಗುವಾಗ ಆರ್‌ಪಿಎಂ ಮುಳ್ಳು ಮ್ಯಾಲೆ ಜಿಗದು ಸ್ಪೀಡ್ ಏರಲಿಲ್ಲ ಅಂದ್ರ ಅದು ಸ್ಪಾರ್ಕ್ ಅಲ್ಲ, ಕ್ಲಚ್ ಜಾರಾಕತ್ತೈತಿ. ಈ ಗೇರ್‌ಬಾಕ್ಸ್ ಮಾಡಿದ್ದು 350–400 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕಿಗೆ, ಇಂಜಿನ್ ಫೈಲ್ ಒಂದ ಹಾಕಿ ಗೇರ್‌ಬಾಕ್ಸ್ ಫೈಲ್ ಹಾಗೇ ಬಿಟ್ಟ ಗಾಡಿಗಳಾಗ ಇದು ಆಗ್ತೈತಿ.

ಇಷ್ಟ ಆದ ಮ್ಯಾಲೆ ಸಾಫ್ಟ್‌ವೇರ್. ಸ್ಕ್ಯಾನರಿನಾಗ ಕಾಣೋ ಪಾರ್ಟ್ ನಂಬರ್, ಸಾಫ್ಟ್‌ವೇರ್ ವರ್ಶನ್ ನೋಡಿ ಸ್ಟಾಕ್ ಐತಿ ಅಂತ ನಂಬಬ್ಯಾಡ್ರಿ, ಟ್ಯೂನರ್‌ಗಳು ಒಳಗಿನ ಮ್ಯಾಪ್ ಬದಲ ಮಾಡಿ ಹೊರಗಿನ ಹೆಸರು ಹಾಗೇ ಬಿಡ್ತಾರ. ಶೋರೂಮಿನ ಸಿಸ್ಟಮ್ಮಿನಾಗ ನಿಮ್ಮ ಗಾಡಿ ಮ್ಯಾಲೆ ಟಿಡಿ1 ಅನ್ನೋ ಗುರುತು ಇದ್ರ ಕಂಪನಿಗೂ ಫೈಲ್ ತಾಳೆ ಆಗಿಲ್ಲ ಅಂತ ಗೊತ್ತಾಗೈತಿ ಅಂತ ಅರ್ಥ, ಸರ್ವಿಸ್ ಅಡ್ವೈಸರ್ ಹತ್ರ ಸುಮ್ಮ ಕೇಳ್ರಿ, ಆದ್ರ ಕೇಳುವಾಗನ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬ್ಯಾಡ್ರಿ" ಅಂತ ಜಾಬ್ ಕಾರ್ಡಿನಾಗ ಬರಸ್ರಿ. ಬಾನೆಟ್ ಒಳಗ, ಇಸಿಯು (ಇಂಜಿನ್ ಕಂಪ್ಯೂಟರ್) ಡಬ್ಬಿ ಮ್ಯಾಲೆ ಯಾವದರ ಟ್ಯೂನರಿನ ಸ್ಟಿಕ್ಕರ್ ಐತೇನು ಹುಡುಕ್ರಿ, ಸಿಕ್ರ ಅವರಿಗೆ ಚಾಸಿ ನಂಬರ್ ಕಳಸ್ರಿ, ರೆಕಾರ್ಡ್ ಇಟ್ಟವ್ರು ಇದ್ರ ತಾವು ಹಾಕಿದ ಫೈಲ್ ಯಾವದು ಅಂತ ಹೇಳ್ತಾರ. ಮಾರಿದಾಂವನ ಕಡಿಂದ ಮೊದಲನೇ ಓನರ್ ನಂಬರ್ ಹ್ಯಾಂಗರ ಮಾಡಿ ತಗೋರಿ, ಜಗಳ ಮಾಡಾಕ ಅಲ್ಲ, ಒಂದ ಪ್ರಶ್ನೆ ಕೇಳಾಕ: "ಸ್ಟಾಕ್ ಡೌನ್‌ಪೈಪ್ ಮನ್ಯಾಗ ಐತೇನ್ರಿ?" ಇಂಥಾ ಗಾಡಿ ಇಟ್ಟವ್ರು ತೆಗದ ಸಾಮಾನು ಅಟ್ಟದ ಮ್ಯಾಲೆ ಇಟ್ಟಿರ್ತಾರ, ಹೊಸಾದು ತಗೋಳಾಕ ಹೋದ್ರ ಕ್ಯಾಟ್ ಇರೋ ಪೈಪಿನ ರೇಟ್ ಕೇಳಿ ನೀವು ಗಾಡಿ ಮಾರೋ ವಿಚಾರ ಮಾಡ್ತೀರಿ.

ಆಮ್ಯಾಗ ಲಾಗ್, ಅಂದ್ರ ಗಾಡಿ ಓಡುವಾಗ ಸೆನ್ಸರಿನ ಲೆಕ್ಕ ರೆಕಾರ್ಡ್ ಮಾಡೂದು. ಫೋನಿನ ಅಗ್ಗದ ಡಾಂಗಲ್ ಸಾಲಂಗಿಲ್ಲ, ವಿಸಿಡಿಎಸ್ ಅಥವಾ ಒಬಿಡಿ ಇಲೆವೆನ್ ಅನ್ನೋ ಸ್ಕ್ಯಾನರ್ ಬೇಕು. ಕಂಪ್ಯೂಟರ್ ಕೇಳಿದ ಬೂಸ್ಟ್ ಎಷ್ಟು, ಬಂದ ಬೂಸ್ಟ್ ಎಷ್ಟು, ನಾಕು ಸಿಲಿಂಡರಿನ ಟೈಮಿಂಗ್ ರಿಟಾರ್ಡ್ (ನಾಕ್ ತಪ್ಪಸಾಕ ಸ್ಪಾರ್ಕ್ ಎಷ್ಟು ತಡ ಆತು), ಲ್ಯಾಂಬ್ಡಾ (ಗಾಳಿ ಪೆಟ್ರೋಲ್ ಪ್ರಮಾಣ), ಫ್ಯುಯೆಲ್ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಪೆಟ್ರೋಲಿನ ಪ್ರೆಶರ್), ಒಳಗ ಹೋಗೋ ಗಾಳಿಯ ಟೆಂಪರೇಚರ್, ಮಿಸ್‌ಫೈರ್ ಕೌಂಟರ್, ಥ್ರಾಟಲ್ ಆ್ಯಂಗಲ್, ಇವಿಷ್ಟು ಒಟ್ಟಿಗೆ ರೆಕಾರ್ಡ್ ಆಗಬೇಕು. ಇದನ್ನ ಎನ್‌ಎಚ್ 48ರ ಮ್ಯಾಲೆ ಮಾಡಾಕ ಹೋಗಬ್ಯಾಡ್ರಿ, ಮೂರನೇ ಗೇರಿನಾಗ 6000 ಮುಟ್ಟೂದ್ರಾಗ 100ರ ಲಿಮಿಟ್ ಎಲ್ಲೋ ಹಿಂದ ಉಳದಿರ್ತೈತಿ, ಕಬ್ಬಿನ ಸೀಸನ್ನಿನಾಗ ಹಿಂದ ಲೈಟ್ ಇಲ್ಲದ ಎರಡು ಟ್ರೇಲರ್ ಟ್ರ್ಯಾಕ್ಟರ್ ಯಾವಾಗ ಮುಂದ ಬರ್ತೈತೋ ಹೇಳಾಕ ಬರಂಗಿಲ್ಲ. ಪುಣೆಗೋ ಬೆಂಗಳೂರಿಗೋ ಹೋಗಿ ಡೈನೋ (ಗಾಡಿ ನಿಂತಲ್ಲೇ ಗಾಲಿ ತಿರುಗಿಸಿ ಪವರ್ ಅಳಿಯೋ ಮಶೀನ್) ಮ್ಯಾಲೆ ಮಾಡಸ್ರಿ, ಪ್ಲಗ್ಗು ಕಂಪ್ರೆಷನ್ನು ಸರಿ ಇದ್ರ ಮಾತ್ರ.

ಲಾಗ್ ಓದೂದು ಹಿಂಗ. ಕೇಳಿದ್ದಕ್ಕಿಂತ ಬಂದ ಬೂಸ್ಟ್ ಕಡಿಮಿ ಇದ್ರ ಎಲ್ಲೋ ಪೈಪ್ ಸೋರ್ತೈತಿ, ಸ್ಮೋಕ್ ಟೆಸ್ಟ್ (ಪೈಪಿನಾಗ ಹೊಗಿ ಬಿಟ್ಟು ಸೋರೋ ಜಾಗಾ ಹುಡುಕೂದು) ಮಾಡಸ್ರಿ. ಒಂದು ಸಣ್ಣ ಮಾತು, ಸ್ಕ್ಯಾನರ್ ತೋರಸೂದು ಒಟ್ಟು ಪ್ರೆಶರ್, ಅದರಾಗ ವಾತಾವರಣದ್ದು ಕಳೀಬೇಕು, ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಮ್ಯಾಲೈತಿ, ಇಲ್ಲಿ ಅದು ಸುಮಾರು 0.92 ಬಾರ್, ಚೋರ್ಲಾ ಇಳದು ಗೋವಾಕ್ಕ ಹೋದ್ರ 1.01. ಅಲ್ಲಿ ಆರಾಮ ಓಡೋ ಗಾಡಿಯ ಟರ್ಬೊ ಅಷ್ಟ ಪ್ರೆಶರಿಗೆ ಇಲ್ಲಿ ಜಾಸ್ತಿ ತಿರಗಬೇಕಾಗ್ತೈತಿ. ರಿಟಾರ್ಡ್ ಒಂದೊಂದ ಕಡೆ 2–3 ಡಿಗ್ರಿ ಬಂದು ಹೋದ್ರ ಚಿಂತಿ ಇಲ್ಲ, ನಾಕೂ ಸಿಲಿಂಡರಿನಾಗ 5–6 ಡಿಗ್ರಿ ಕುಂತು ಬಿಟ್ರ ಆ ಫೈಲು ನೀವು ಹಾಕೋ ಪೆಟ್ರೋಲಿಗೆ ಬರದದ್ದಲ್ಲ. ರೈಲ್ ಪ್ರೆಶರ್ ಪೂರ್ತಿ ಲೋಡಿನಾಗ 200 ಬಾರ್ ಆಸುಪಾಸು ನಿಲ್ಲಬೇಕು, ಅದು 140–150ಕ್ಕ ಕುಸದ್ರ ಪಂಪಿನ ಕೈಲೆ ಆಗವಲ್ದು.

ಇಲ್ಲೇ ಇ20 (20 ಪರ್ಸೆಂಟ್ ಎಥೆನಾಲ್ ಕೂಡಿಸಿದ ಪೆಟ್ರೋಲ್) ವಿಷಯ ಬರ್ತೈತಿ, ಮಂದಿ ಇದನ್ನ ಉಲ್ಟಾ ತಿಳ್ಕೊಂಡಾರ. ಎಥೆನಾಲ್ ನಾಕ್ ತಡಿಯೋದರಾಗ ಛಲೋನ, ಆ ಲೆಕ್ಕಕ್ಕ ನಿಮಗ ಸಹಾಯ. ಆದ್ರ ಸಾದಾ ಪೆಟ್ರೋಲ್ ಒಂದು ಕಿಲೋ ಸುಡಾಕ 14.7 ಕಿಲೋ ಗಾಳಿ ಬೇಕು, ಇ20ಗೆ ಸುಮಾರು 13.5, ಅಂದ್ರ ಅಷ್ಟ ಗಾಳಿಗೆ ಸುಮಾರು 8–9 ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಹೋಗಬೇಕು. ನಿಮ್ಮ ಫೈಲ್ 2018–19ರಾಗ ಆಗಿದ್ರ ಆವಾಗಿನ ಪೆಟ್ರೋಲಿಗೆ ಪಂಪಿನ ತಾಕತ್ತು ತುದಿತನಕ ಬಳಸಿರಬಹುದು, ಈಗ ಜಾಸ್ತಿ ಬೇಕಾದ ಪೆಟ್ರೋಲ್ ಎಲ್ಲಿಂದ ತರಬೇಕು? ಹಂಗಾಗಿ ರೈಲ್ ಪ್ರೆಶರ್ ಕುಸಿಯೋದು ಕಂಡ್ರ ನಿಮ್ಮ ಜರ್ಕಿಗೆ ಅದೂ ಕಾರಣ ಆಗಬಹುದು, ಆವಾಗ ಪ್ಲಗ್ ಹಾಕಿದ್ರ ಏನೂ ಆಗಂಗಿಲ್ಲ.

ಕಾಯ್ದೆ ಬಗ್ಗೆ ಕೇಳಿಲ್ಲ ನೀವು, ಆದ್ರೂ ಹೇಳ್ಬಿಡ್ತೀನಿ. ಮೋಟಾರ್ ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಸ್ಪೆಸಿಫಿಕೇಶನ್ನಿಗೆ ವಿರುದ್ಧ ಬದಲಾವಣಿ ಮಾಡಂಗಿಲ್ಲ, 2019ರ ತಿದ್ದುಪಡಿ ಆದ ಮ್ಯಾಲೆ 182ಎ ಕಲಂನಾಗ ಓನರಿಗೆ ಒಂದೊಂದು ಬದಲಾವಣಿಗೆ 5000 ರೂಪಾಯಿ ದಂಡ, ಇಲ್ಲಾಂದ್ರ 6 ತಿಂಗಳ ತನಕ ಜೈಲು, ಇಲ್ಲಾಂದ್ರ ಎರಡೂ. ಹಾಕಿದ್ದು ಮೊದಲನೇ ಓನರ್ ಅನ್ನೋ ಮಾತು ರಸ್ತೆದಾಗ ನಿಲ್ಲಿಸಿದವ್ರ ಮುಂದ ನಡಿಯಾಕಿಲ್ಲ, ಆರ್‌ಸಿ ನಿಮ್ಮ ಹೆಸರಿಗೆ ಇರ್ತೈತಿ. ಇನ್ಶೂರೆನ್ಸಿನವರಿಗೆ ತಿಳಿಸಲಾರ್ದ ಮಾಡಿಫಿಕೇಶನ್ ಕ್ಲೇಮ್ ಬಂದಾಗ ಅವರಿಗೆ ಸಿಗೋ ಮೊದಲನೇ ನೆಪ.

ನಾನಾಗಿದ್ರ ಏನ್ ಮಾಡ್ತಿದ್ದೆ ಅಂದ್ರ, ಕ್ಯಾಟ್ ಇರೋ ಪೈಪ್ ಹುಡುಕಿ ಕೂಡಸ್ತಿದ್ದೆ, ಡಬ್ಬಿ ಗಿಬ್ಬಿ ಇದ್ರ ಕಿತ್ತು ಒಗೀತಿದ್ದೆ, ಇಸಿಯು ಒಳಗಿನ ಫೈಲ್ ಬೆಂಚ್ ಮ್ಯಾಲೆ (ಇಸಿಯು ಗಾಡಿಯಿಂದ ಬಿಚ್ಚಿ) ಓದಿಸಿ ಒಂದು ಕಾಪಿ ಇಟ್ಕೋತಿದ್ದೆ, ಆಮ್ಯಾಗ ನಿಮ್ಮ ಗೆಳೆಯ ಹೇಳಿದ ಸ್ಟಾಕ್ ಫ್ಲ್ಯಾಶ್, ಹೊಸಾ ಪ್ಲಗ್, ಡಿಎಸ್‌ಜಿ ಎಣ್ಣಿ. ಕಬ್ಬಿಣನೂ ಸಾಫ್ಟ್‌ವೇರೂ ಎರಡೂ ಕಂಪನಿದ್ದು ಇರೋ ಹಂಗ ಎರಡು ಸಾವಿರ ಕಿಲೋಮೀಟರ್ ಓಡಸ್ತಿದ್ದೆ. ಅವನ ಮಾತು ತಪ್ಪಲ್ಲ, ಸಾಲು ತಪ್ಪೈತಿ, ಅದು ಕೊನಿ ಕೆಲಸ, ಮೊದಲನೇದ್ದಲ್ಲ. ಸ್ಟಾಕಿನ್ಯಾಗೂ ಜರ್ಕ್ ಬಂದ್ರ ರೋಗ ಇಂಜಿನ್ನಿನಾಗ ಐತಿ, ಬರಲಿಲ್ಲ ಅಂದ್ರ ಆ ಫೈಲಿಂದ ಬರ್ತಿತ್ತು, ಇಲ್ಲಾ ಹಳೇ ಪ್ಲಗ್ಗಿಂದ. ಸ್ಟಾಕಿನ 230 ಪಿಎಸ್ಸೇ ಸಾಕು ಅಂತ ನಿಮಗ ಅನಿಸಲೂಬಹುದು, ನನಗಂತೂ ಊರಾಗಿನ ರೈಲ್ವೇ ಗೇಟ್ ಮುಂದ ಕಾಯೋದರಾಗ 300 ಪಿಎಸ್ಸಿನ ಉಪಯೋಗ ಇನ್ನೂ ತಿಳದಿಲ್ಲ.

ಪ್ಲಗ್ಗಿನ ಫೋಟೋ, ಕಂಪ್ರೆಷನ್ ನಂಬರು, ಲಾಗ್ ಮೂರೂ ಕಳಸ್ರಿ. ಲಾಗ್ ಅಂದ್ರ ಸ್ಕ್ರೀನಿನ ಫೋಟೋ ಬ್ಯಾಡ, ಸಿಎಸ್‌ವಿ ಫೈಲ್ ಬೇಕು, ಅದರ ಜೊತಿ ಟಾಕಿನಾಗ ಯಾವ ಪೆಟ್ರೋಲ್ ಇತ್ತು, ಹೊರಗ ಎಷ್ಟು ಬಿಸಿಲಿತ್ತು, ಎಸಿ ಚಾಲೂ ಇತ್ತೋ ಬಂದ್ ಇತ್ತೋ ಅಂತ ಬರೀರಿ.